ಬಸವ ನಾಮ: ನಿಷ್ಪತ್ತಿ, ಅರ್ಥ ಮತ್ತು ವ್ಯಾಪ್ತಿ

ಕನ್ನಡ ನಾಡಿನಲ್ಲಿ ಗಂಡುಮಕ್ಕಳಿಗೆ ಇಡುತ್ತ ಬಂದಿರುವ ಹೆಸರುಗಳಲ್ಲಿ ‘ಬಸವ’ ಎಂಬುದು ಬಹು ಪ್ರಾಚೀನವಾದುದು, ಅಷ್ಟೇ ಬಹುರೂಪಿಯಾದುದು. ಬೀದರದಿಂದ ಚಾಮರಾಜನಗರದವರೆಗೆ ಯಾವ ಊರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ತೆರೆದರೂ ಬಸಪ್ಪ, ಬಸವಣ್ಣ, ಬಸವಯ್ಯ, ಬಸವರಾಜ, ಬಸವಲಿಂಗಪ್ಪ, ಚನ್ನಬಸಪ್ಪ, ಗುರುಬಸಪ್ಪ, ಕರಿಬಸಪ್ಪ, ಶರಣಬಸಪ್ಪ ಮುಂತಾದ ರೂಪಗಳಲ್ಲಿ ಒಂದಿಲ್ಲೊಂದು ಕಣ್ಣಿಗೆ ಬೀಳುತ್ತದೆ. ಇಷ್ಟು ಬಳಕೆಯ ಹೆಸರಾದುದರಿಂದಲೇ ಅದರ ಅರ್ಥದ ಕಡೆಗೆ ಗಮನ ಹರಿಯುವುದು ಕಡಿಮೆ.

‘ಬಸವ’ ಎಂದರೇನೆಂದು ಕೇಳಿದರೆ ಒಕ್ಕಲುಮಗನು ತನ್ನ ಕೊಟ್ಟಿಗೆಯ ಕಡೆಗೆ ಕೈದೋರುತ್ತಾನೆ. ಪುರಾಣ ಶ್ರವಣ ಮಾಡಿದ ಹಿರಿಯರು ಶಿವನ ವಾಹನವಾದ ನಂದಿಯ ಅವತಾರವೆನ್ನುತ್ತಾರೆ. ವ್ಯಾಕರಣ ಓದಿದ ವಿದ್ಯಾರ್ಥಿಯು ‘ವೃಷಭ’ ಶಬ್ದದ ತದ್ಭವವೆನ್ನುತ್ತಾನೆ. ಶರಣತತ್ತ್ವವನ್ನು ಬಲ್ಲವರು ಆ ಮೂರಕ್ಷರಗಳಲ್ಲಿ ಗುರು, ಲಿಂಗ, ಜಂಗಮಗಳನ್ನು ಕಾಣುತ್ತಾರೆ. ಈ ನಾಲ್ಕು ಉತ್ತರಗಳು ಒಂದಕ್ಕೊಂದು ವಿರುದ್ಧವೋ, ಅಥವಾ ಒಂದೇ ಇತಿಹಾಸದ ನಾಲ್ಕು ಮೆಟ್ಟಿಲುಗಳೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಹೆಸರಿನ ಮೂಲವನ್ನು, ಅದನ್ನು ಹೊತ್ತ ಮಹಾಪುರುಷನ ಚರಿತ್ರೆಯನ್ನು, ಅನಂತರ ಅದು ಹರಡಿದ ಬಗೆಯನ್ನು ಕ್ರಮವಾಗಿ ಪರಿಶೀಲಿಸಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ.

ಶಬ್ದದ ಮೂಲ

‘ಬಸವ’ ಶಬ್ದವು ಸಂಸ್ಕೃತದ ‘ವೃಷಭ’ದಿಂದ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಸಂಸ್ಕೃತದ ಆದಿ ವಕಾರವು ಕನ್ನಡದಲ್ಲಿ ಬಕಾರವಾಗುವುದು ಸಾಮಾನ್ಯ ನಿಯಮ. ವಸತಿಯು ಬಸದಿಯಾದುದು, ವರ್ಣವು ಬಣ್ಣವಾದುದು, ವೀಥಿಯು ಬೀದಿಯಾದುದು, ವನವು ಬನವಾದುದು ಇದಕ್ಕೆ ಉದಾಹರಣೆಗಳು. ಭಾಷೆಯು ಬಾಸೆಯಾದಂತೆ, ಋಷಿಯು ರಿಸಿಯಾದಂತೆ ಷಕಾರವು ಸಕಾರವಾಗುತ್ತದೆ. ಋಕಾರವು ಕೆಲವೆಡೆ ಅಕಾರವಾಗಿ ಉಳಿಯುತ್ತದೆ. ಕೃಷ್ಣ ಎಂಬ ಹೆಸರು ಕನ್ನರ ಎಂದಾದುದು ಇದಕ್ಕೆ ಸಾಕ್ಷಿ. ಕೊನೆಯ ಭಕಾರವು ಮಹಾಪ್ರಾಣವನ್ನು ಕಳೆದುಕೊಂಡು, ಎರಡು ಸ್ವರಗಳ ನಡುವೆ ಮೃದುವಾಗಿ ವಕಾರವಾಯಿತು. ಪ್ರಾಕೃತದಲ್ಲಿ ಇದೇ ಶಬ್ದಕ್ಕೆ ‘ವಸಹ’ ಎಂಬ ರೂಪವಿದೆ.

ಸಂಸ್ಕೃತದಲ್ಲಿ ‘ವೃಷ್’ ಧಾತುವಿಗೆ ಸುರಿಸು, ಮಳೆಗರೆ ಎಂಬ ಅರ್ಥ. ‘ವರ್ಷ’ ಎಂಬ ಮಾತೂ ಇದೇ ಕುಲಕ್ಕೆ ಸೇರಿದ್ದು. ಫಲವನ್ನು ಉಂಟುಮಾಡುವ ಶಕ್ತಿಯೇ ವೃಷಭ. ‘ವೃಷ’ ಎಂಬ ಶಬ್ದಕ್ಕೆ ಧರ್ಮವೆಂಬ ಅರ್ಥವೂ ಇದೆ. ಧರ್ಮವು ಎತ್ತಿನ ರೂಪದಲ್ಲಿ ನಾಲ್ಕು ಕಾಲುಗಳ ಮೇಲೆ ನಿಂತಿದ್ದು, ಯುಗಯುಗಕ್ಕೆ ಒಂದೊಂದು ಕಾಲನ್ನು ಕಳೆದುಕೊಳ್ಳುತ್ತದೆಂಬ ಕಲ್ಪನೆ ಪುರಾಣಗಳಲ್ಲಿ ಪ್ರಸಿದ್ಧವಾಗಿದೆ. ಆದುದರಿಂದ ಮಗುವಿಗೆ ಎತ್ತಿನ ಹೆಸರಿಡುವುದು ಪ್ರಾಚೀನರ ದೃಷ್ಟಿಯಲ್ಲಿ ಕೀಳಾದ ಸಂಗತಿಯಾಗಿರಲಿಲ್ಲ. ಬಲ, ಫಲ, ಧರ್ಮ ಈ ಮೂರನ್ನೂ ಒಂದೇ ಮಾತಿನಲ್ಲಿ ಹರಸಿದಂತೆ ಅದು.

ಇದೇ ಶಬ್ದವು ಕರ್ನಾಟಕದ ಮತ್ತೊಂದು ಪ್ರಾಚೀನ ಧರ್ಮಪರಂಪರೆಯಲ್ಲಿಯೂ ಪೂಜ್ಯವಾಗಿದೆ. ಜೈನರ ಮೊದಲ ತೀರ್ಥಂಕರನು ವೃಷಭನಾಥ; ಆತನ ಲಾಂಛನವೂ ವೃಷಭವೇ. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ವು ಆತನ ಚರಿತ್ರೆ. ಆದರೆ ಜೈನರಲ್ಲಿ ಹೆಸರು ವೃಷಭ, ಋಷಭ ಎಂಬ ತತ್ಸಮ ರೂಪದಲ್ಲಿಯೇ ಉಳಿಯಿತು. ಶೈವರಲ್ಲಿ ಅದು ತದ್ಭವವಾಗಿ ನೆಲಕ್ಕಿಳಿಯಿತು. ಒಂದು ಶಾಸ್ತ್ರದ ಮಾತಾಗಿ ನಿಂತಿತು. ಇನ್ನೊಂದು ಕೊಟ್ಟಿಗೆಯಲ್ಲಿ, ಹೊಲದಲ್ಲಿ, ತೊಟ್ಟಿಲಲ್ಲಿ ಓಡಾಡಿತು. ಮುಂದೆ ಈ ಹೆಸರನ್ನು ಹೊತ್ತವರು ದೇವರೊಡನೆ ಕನ್ನಡದಲ್ಲಿಯೇ ಮಾತನಾಡಿದರೆಂಬುದನ್ನು ನೆನೆದಾಗ, ಹೆಸರು ಮೊದಲೇ ದೇಸಿಯಾಗಿದ್ದುದು ಎಷ್ಟು ಉಚಿತವಾಗಿತ್ತೆಂದು ತೋರುತ್ತದೆ.

ಜನಪದದಲ್ಲಿ ಬಸವ

ನಂದಿಯ ವಿಗ್ರಹವನ್ನು ಕನ್ನಡಿಗರು ಬಸವಣ್ಣನೆಂದೇ ಕರೆಯುತ್ತಾರೆ. ಬೆಂಗಳೂರಿನ ಬಸವನಗುಡಿ ಬಡಾವಣೆಗೆ ಹೆಸರು ಬಂದುದು ಅಲ್ಲಿನ ದೊಡ್ಡ ಬಸವಣ್ಣನ ಗುಡಿಯಿಂದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ನಡೆಯುವ ಕಡಲೆಕಾಯಿ ಪರಿಷೆಯು ಬೆಳೆದ ಬೆಳೆಯನ್ನು ಮೊದಲು ಬಸವನಿಗೆ ಒಪ್ಪಿಸುವ ಒಕ್ಕಲುತನದ ಹಬ್ಬ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಮೆರೆಸುತ್ತಾರೆ. ಅದರ ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಬಸವಣ್ಣನನ್ನು ಮಾಡಿ ಮನೆಯೊಳಗಿಟ್ಟು ಪೂಜಿಸುತ್ತಾರೆ. ಸಿಂಗರಿಸಿದ ಎತ್ತನ್ನು ಮನೆಮನೆಗೆ ಕರೆತರುವವರ ಕೋಲೆ ಬಸವನನ್ನು ಅರಿಯದ ಹಳ್ಳಿಯಿರಲಿಲ್ಲ. ಎರಡು ಕೊಂಬುಗಳನ್ನು ಚಾಚಿಕೊಂಡು ಹರಿಯುವ ಹುಳುವಿಗೆ ಬಸವನಹುಳು ಎಂದು, ಗೊರಸಿನಂತೆ ಸೀಳಿದ ಎಲೆಯುಳ್ಳ ಗಿಡಕ್ಕೆ ಬಸವನಪಾದ ಎಂದು ಜನರು ಹೆಸರಿಟ್ಟರು. ‘ಬಸವನ ಹಿಂದೆ ಬಾಲ’ ಎಂಬ ಗಾದೆಯಂತೂ ಮಕ್ಕಳ ಬಾಯಲ್ಲಿಯೂ ಇದೆ.

ಇದೇ ಶಬ್ದಕ್ಕೆ ಒಂದು ದುಃಖದ ಮುಖವೂ ಇದೆ. ದೇವರ ಹೆಸರಿನಲ್ಲಿ ಗೂಳಿಯನ್ನು ಬಿಡುವ ಪದ್ಧತಿಗೆ ‘ಬಸವ ಬಿಡುವುದು’ ಎನ್ನುತ್ತಾರೆ. ಅದೇ ಮಾತನ್ನು ಸ್ತ್ರೀಲಿಂಗಕ್ಕೆ ತಿರುಗಿಸಿ, ಹೆಣ್ಣುಮಗುವನ್ನು ದೇವರಿಗೆ ಬಿಡುವ ದುಷ್ಟ ಪದ್ಧತಿಗೆ ‘ಬಸವಿ ಬಿಡುವುದು’ ಎಂದರು. ಗೂಳಿಗೆ ಆ ಬಿಡುಗಡೆಯು ಸ್ವಾತಂತ್ರ್ಯವಾಯಿತು. ಹೆಣ್ಣಿಗೆ ಅದು ಬಾಳಿನುದ್ದಕ್ಕೂ ಬಂಧನವಾಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕವು 1982ರಲ್ಲಿ ಕಾಯಿದೆಯನ್ನು ಮಾಡಬೇಕಾಯಿತು. ಸ್ತ್ರೀಯನ್ನು ಅನುಭವ ಮಂಟಪದಲ್ಲಿ ಸಮಾನಳಾಗಿ ಕಂಡ ಮಹಾನುಭಾವರ ಹೆಸರಿನ ಶಬ್ದವೇ ಇಂಥ ಪದ್ಧತಿಗೂ ಅಂಟಿಕೊಂಡಿತೆಂಬುದು ಭಾಷೆಯ ಇತಿಹಾಸದ ಒಂದು ಕಹಿ ಸತ್ಯ. ಶಬ್ದವು ತಾನಾಗಿ ಪವಿತ್ರವೂ ಅಲ್ಲ, ಅಪವಿತ್ರವೂ ಅಲ್ಲ. ಅದನ್ನು ಹೊತ್ತವರ ನಡೆಯೇ ಅದಕ್ಕೆ ಅರ್ಥವನ್ನು ತುಂಬುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹೆಸರು ಮೊದಲೋ, ಕಥೆ ಮೊದಲೋ?

ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಶೈವ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಶಿಶುವಿಗೆ ಬಸವನೆಂದು ಏಕೆ ಹೆಸರಿಟ್ಟರು? ಇದಕ್ಕೆ ಪ್ರಾಚೀನ ಕವಿಗಳು ಕೊಡುವ ಉತ್ತರಗಳು ಒಂದೇ ತೆರನಾಗಿಲ್ಲ. ಕಾಲದ ದೃಷ್ಟಿಯಿಂದ ಬಸವಣ್ಣನವರಿಗೆ ತೀರ ಸಮೀಪದವನಾದ ಹರಿಹರನು ‘ಬಸವರಾಜದೇವರ ರಗಳೆ’ಯಲ್ಲಿ ಕೈಲಾಸದ ವೃಷಭಮುಖನೆಂಬ ಗಣೇಶ್ವರನ ಕಥೆಯನ್ನು ಹೇಳುತ್ತಾನೆ. ಶಿವನು ಕೊಟ್ಟ ಪ್ರಸಾದವನ್ನು ಹಂಚುವಲ್ಲಿ ಉಂಟಾದ ಒಂದು ಲೋಪಕ್ಕಾಗಿ ವೃಷಭಮುಖನು ಭೂಮಿಯಲ್ಲಿ ಹುಟ್ಟಬೇಕಾಯಿತೆಂಬುದು ಆ ಕಥೆಯ ಸಾರ. ತೆಲುಗಿನ ಪಾಲ್ಕುರಿಕೆ ಸೋಮನಾಥನು ತನ್ನ ‘ಬಸವಪುರಾಣ’ದಲ್ಲಿ ನಂದಿಕೇಶ್ವರನೇ ಲೋಕಹಿತಕ್ಕಾಗಿ ಇಳಿದುಬಂದನೆಂದೂ, ಮಾದಾಂಬೆಯು ನಂದಿಯ ನೋಂಪಿಯನ್ನು ಕೈಗೊಂಡು ಪುತ್ರನನ್ನು ಪಡೆದಳೆಂದೂ ವರ್ಣಿಸುತ್ತಾನೆ. ಭೀಮಕವಿಯು 1369ರಲ್ಲಿ ಈ ಪುರಾಣವನ್ನು ಕನ್ನಡ ಷಟ್ಪದಿಗೆ ತಂದ ಮೇಲೆ ನಂದಿಯ ಅವತಾರದ ಕಥೆಯು ನಾಡಿನಲ್ಲೆಲ್ಲ ನೆಲೆಗೊಂಡಿತು.

ಎರಡು ಕಥೆಗಳಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಹರಿಹರನ ಬಸವನು ಒಂದು ತಪ್ಪಿನ ನಿಮಿತ್ತ ಮನುಷ್ಯನಾದವನು. ಸೋಮನಾಥನ ಬಸವನು ಲೋಕೋದ್ಧಾರಕ್ಕಾಗಿ ಬಂದವನು. ಆದರೆ ‘ವೃಷಭ’ ಎಂಬ ಅಂಶ ಮಾತ್ರ ಎರಡರಲ್ಲಿಯೂ ಸಮಾನವಾಗಿದೆ. ಸಾಹಿತ್ಯ ವಿದ್ಯಾರ್ಥಿಗೆ ಇದರಿಂದ ಒಂದು ಊಹೆ ಸಹಜವಾಗಿ ಹೊಳೆಯುತ್ತದೆ. ವಿವರಗಳು ಬೇರೆಬೇರೆಯಾಗಿದ್ದು ಹೆಸರಿನ ಅರ್ಥವೊಂದೇ ಎರಡರಲ್ಲಿಯೂ ಉಳಿದಿದ್ದರೆ, ಆ ಅರ್ಥವೇ ಕಥೆಗಳಿಗೆ ಬೀಜವಾಗಿರಬೇಕು. ಹೆಸರು ಮೊದಲು ಇದ್ದಿತು. ಅದನ್ನು ಹೊತ್ತವರು ಲೋಕವೇ ಬೆರಗಾಗುವಂತೆ ಬಾಳಿದ ಮೇಲೆ, ಆ ಹೆಸರಿಗೆ ತಕ್ಕ ಕೈಲಾಸದ ಕಥೆಯನ್ನು ಭಕ್ತಕವಿಗಳು ಕಂಡುಕೊಂಡರು. ಶೈವ ಮನೆತನವೊಂದು ಶಿವನ ವಾಹನದ ಹೆಸರನ್ನು ಮಗುವಿಗೆ ಇಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಊಹೆಯಿಂದ ಭಕ್ತರ ಶ್ರದ್ಧೆಗೆ ಕುಂದು ಬರುವುದೇ ಎಂದು ಕೆಲವರು ಶಂಕಿಸಬಹುದು. ಬಸವಣ್ಣನವರ ವಚನಗಳನ್ನೇ ತೆರೆದು ನೋಡಿದರೆ ಶಂಕೆಗೆ ಎಡೆಯಿಲ್ಲ. ಅವರು ತಮ್ಮನ್ನು ಶಿವಭಕ್ತರೆಲ್ಲರಲ್ಲಿ ಕಿರಿಯನೆಂದು ಭಾವಿಸಿದವರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರ ಮನೆಯ ಮಗನೆಂದು ಹೇಳಿಕೊಂಡವರು. ಕೈಲಾಸದ ಹುಟ್ಟನ್ನು ಮುಂದೆ ಮಾಡಿ ಮನ್ನಣೆ ಕೇಳಿದವರಲ್ಲ. ಅವತಾರದ ಮಾತು ಲೋಕವು ಅವರಿಗೆ ಸಲ್ಲಿಸಿದ ಗೌರವ. ಅದು ಕೃತಜ್ಞತೆಯ ಭಾಷೆ. ಚರಿತ್ರೆಯ ಮಾತು ಬೇರೆ ನೆಲೆಯದು. ಎರಡನ್ನೂ ಅವವುಗಳ ಸ್ಥಾನದಲ್ಲಿಟ್ಟು ನೋಡುವುದು ವಿವೇಕ.

ಚರಿತ್ರೆಯ ಆಧಾರವೂ ಇಲ್ಲದಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವು ಸೇವುಣ ದೊರೆ ಕನ್ನರನ ಕಾಲದ್ದು. ತರ್ದವಾಡಿ ನಾಡಿನ ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನನ್ನೂ ಆತನ ಮನೆತನದವರನ್ನೂ ಅದು ಹೆಸರಿಸುತ್ತದೆ. ಬಸವಣ್ಣನವರು ಲಿಂಗೈಕ್ಯರಾಗಿ ಸುಮಾರು ಒಂದು ಶತಮಾನ ಕಳೆಯುವಷ್ಟರಲ್ಲಿ ಅವರ ಹೆಸರು ಕಲ್ಲಿನಲ್ಲಿ ಗೌರವದಿಂದ ಮೂಡಿದ್ದಿತೆಂಬುದಕ್ಕೆ ಇದು ಪ್ರಬಲ ಸಾಕ್ಷಿ. ಇಲ್ಲಿಯೇ ಇನ್ನೊಂದು ಸೂಕ್ಷ್ಮವೂ ಇದೆ. ಶಾಸನದ ‘ಮಾದಿರಾಜ’ನನ್ನು ಹರಿಹರನು ‘ಮಾದರಸ’ನೆನ್ನುತ್ತಾನೆ. ಅರಸ ಮತ್ತು ರಾಜ ಎಂಬ ಪ್ರತ್ಯಯಗಳು ಒಂದರ ಸ್ಥಾನದಲ್ಲಿ ಇನ್ನೊಂದು ಬರುತ್ತಿದ್ದುವೆಂಬುದು ಇದರಿಂದ ಸ್ಪಷ್ಟ. ಆದುದರಿಂದ ‘ಬಸವರಸ’, ‘ಬಸವರಾಜ’ ಎಂಬ ರೂಪಗಳು ರಾಜ್ಯವಾಳಿದ್ದನ್ನು ಸೂಚಿಸುವುದಿಲ್ಲ. ಮನೆತನದ ಮತ್ತು ಅಧಿಕಾರದ ಗೌರವವನ್ನು ಸೂಚಿಸುತ್ತವೆ.

ಮೂರಕ್ಷರಗಳ ಹೊಸ ಅರ್ಥ

ಪುರಾಣಕಾರರು ಹೆಸರಿನಿಂದ ಕಥೆಯನ್ನು ಕಟ್ಟಿದರು. ಶರಣರು ಮಾಡಿದುದು ಬೇರೆ. ಅವರು ಹೆಸರಿನ ಅಕ್ಷರಗಳನ್ನೇ ಬಿಡಿಸಿ ನೋಡಿ ಅದಕ್ಕೆ ಹೊಸ ಅರ್ಥವನ್ನು ಕೊಟ್ಟರು. ಬಕಾರವು ಗುರು, ಸಕಾರವು ಲಿಂಗ, ವಕಾರವು ಜಂಗಮ ಎಂಬ ವಿವರಣೆಯು ಶರಣ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ವೈಯಾಕರಣನ ದೃಷ್ಟಿಯಲ್ಲಿ ಇದು ವ್ಯುತ್ಪತ್ತಿಯಲ್ಲ. ಆದರೆ ಇದನ್ನು ತಪ್ಪು ವ್ಯುತ್ಪತ್ತಿಯೆಂದು ತಳ್ಳಿಹಾಕುವುದೂ ಸರಿಯಲ್ಲ. ಇದು ನಿರುಕ್ತಿ, ಶಬ್ದವು ಎಲ್ಲಿಂದ ಬಂದಿತೆಂಬುದನ್ನು ಹೇಳದೆ, ಅದು ಎಲ್ಲಿಗೆ ಮುಟ್ಟಿತೆಂಬುದನ್ನು ಹೇಳುತ್ತದೆ. ವೃಷಭವೆಂಬ ಅರ್ಥ ತಂದೆತಾಯಿಗಳು ಕೊಟ್ಟದ್ದು. ಗುರು-ಲಿಂಗ-ಜಂಗಮವೆಂಬ ಅರ್ಥ ಬಸವಣ್ಣನವರು ತಮ್ಮ ಬಾಳಿನಿಂದ ಗಳಿಸಿದ್ದು.

ಹೆಸರು ಹೀಗೆ ತತ್ತ್ವವಾಗಿ ಬೆಳೆದುದಕ್ಕೆ ವಚನಾಂಕಿತಗಳೂ ಸಾಕ್ಷಿಯಾಗಿವೆ. ಹಡಪದ ಅಪ್ಪಣ್ಣನ ಅಂಕಿತ ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಅಪ್ಪಣ್ಣನ ಪತ್ನಿ ಲಿಂಗಮ್ಮನ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಅಂಕಿತವೆಂದರೆ ವಚನಕಾರನು ತನ್ನ ಇಷ್ಟದೈವವನ್ನು ಕೂಗಿ ಕರೆಯುವ ಹೆಸರು. ಆ ಸ್ಥಾನದಲ್ಲಿ ತಮ್ಮೊಡನೆ ಕುಳಿತು ಉಂಡ, ನಡೆದ, ವಾದಿಸಿದ ಮನುಷ್ಯನ ಹೆಸರನ್ನು ಇವರು ತಂದಿರಿಸಿದರು. ಎಲೆಯಡಿಕೆಯ ಹಡಪವನ್ನು ಹೊತ್ತು ನಿತ್ಯವೂ ಹತ್ತಿರವಿದ್ದ ಅಪ್ಪಣ್ಣನೂ, ಒಡಹುಟ್ಟಿದ ಅಕ್ಕನೂ ಹೀಗೆ ಮಾಡಿದರೆಂಬುದು ವಿಶೇಷವಾಗಿ ಗಮನಾರ್ಹ. ದೂರದವರು ಮಹಿಮೆಯನ್ನು ಕೊಂಡಾಡುವುದು ಸುಲಭ. ಮನೆಯೊಳಗಿನವರು ಕೊಂಡಾಡಬೇಕಾದರೆ ನಡೆಯಲ್ಲಿ ಸತ್ತ್ವವಿರಬೇಕು.

ಸೋಮನಾಥನ ‘ವೃಷಾಧಿಪ ಶತಕ’ವು ಇನ್ನೊಂದು ಸ್ವಾರಸ್ಯವನ್ನು ತೋರುತ್ತದೆ. ಅದರ ಪ್ರತಿಯೊಂದು ಪದ್ಯವೂ ಬಸವನೆಂದು ಮತ್ತೆ ಮತ್ತೆ ಕರೆದು, ಕೊನೆಗೆ ವೃಷಾಧಿಪನೆಂದು ಸಂಬೋಧಿಸಿ ಮುಗಿಯುತ್ತದೆ. ದೇಸಿಯ ಹೆಸರನ್ನೂ ಅದರ ಸಂಸ್ಕೃತ ಅರ್ಥವನ್ನೂ ಒಂದೇ ಉಸಿರಿನಲ್ಲಿ ಕವಿಯು ಇರಿಸಿದ್ದಾನೆ. ಆದರೆ ಜನರ ಬಾಯಲ್ಲಿ ಉಳಿದದ್ದು ವೃಷಾಧಿಪವಲ್ಲ, ಬಸವ. ‘ಬಸವೇಶ್ವರ’ ಎಂಬ ಗೌರವರೂಪದಲ್ಲಿಯೂ ತದ್ಭವವು ಕರಗಲಿಲ್ಲ. ತದ್ಭವದೊಡನೆ ಸಂಸ್ಕೃತದ ‘ಈಶ್ವರ’ವನ್ನು ಕೂಡಿಸಿದ ಈ ಸಮಾಸವನ್ನು ನಿಷ್ಠುರನಾದ ವೈಯಾಕರಣನು ಅರಿಸಮಾಸವೆನ್ನಬಹುದು. ಬಿರುದುಗಳಲ್ಲಿ ಅರಿಸಮಾಸಕ್ಕೆ ಲಕ್ಷಣಕಾರರೇ ಅವಕಾಶವಿತ್ತಿದ್ದಾರೆ. ಲೋಕವು ಆ ಅವಕಾಶವನ್ನು ಇಲ್ಲಿ ಧಾರಾಳವಾಗಿ ಬಳಸಿಕೊಂಡಿದೆ.

ಅಣ್ಣ, ಅಪ್ಪ, ಅಯ್ಯ

ಈ ಹೆಸರು ಬರಿಯ ‘ಬಸವ’ನಾಗಿ ನಿಲ್ಲುವುದು ವಿರಳ. ಅದರ ಬೆನ್ನಿಗೆ ಒಂದು ಬಂಧುವಾಚಕವು ಬಂದು ನಿಲ್ಲುತ್ತದೆ. ವಚನಗಳಲ್ಲಿ ಪ್ರಭುದೇವರಾದಿಯಾಗಿ ಶರಣರು ‘ಸಂಗನಬಸವಣ್ಣ’ನೆಂದು ಸಂಬೋಧಿಸುತ್ತಾರೆ. ಪ್ರಧಾನಿಯಾದವನನ್ನು ಒಡೆಯನೆನ್ನದೆ ಅಣ್ಣನೆಂದು ಕರೆಯುವುದರಲ್ಲಿ ಶರಣಸಮಾಜದ ಸ್ವರೂಪವೇ ಅಡಗಿದೆ. ಅಲ್ಲಿ ಕಾಯಕದ ಹೆಸರನ್ನು ಯಾರೂ ಮರೆಮಾಡಲಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಎಂಬಂತೆಯೇ ಭಂಡಾರಿ ಬಸವಣ್ಣ. ಭಂಡಾರವನ್ನು ಕಾಯುವುದೂ ಬಟ್ಟೆಯನ್ನು ಮಡಿಮಾಡುವಂತೆ ಒಂದು ಕಾಯಕ. ಮುಂದಿನ ಬಂಧುವಾಚಕವು ಎಲ್ಲರನ್ನೂ ಒಂದೇ ಮನೆಯವರನ್ನಾಗಿ ಮಾಡಿತು.

ಕಾಲಕ್ರಮದಲ್ಲಿ ಪ್ರಾಂತಭೇದದಿಂದ ಹೆಸರಿನ ರೂಪಗಳು ಬೇರೆಬೇರೆಯಾದುವು. ಉತ್ತರದಲ್ಲಿ ಬಸವಪ್ಪನು ಬಸಪ್ಪನಾದನು, ಬಸವನಗೌಡನು ಬಸನಗೌಡನಾದನು, ಬಸವವ್ವೆಯು ಬಸವ್ವಳಾದಳು. ಒತ್ತಿನಲ್ಲಿ ಬರುವ ಸಮಾನಧ್ವನಿಗಳಲ್ಲಿ ಒಂದು ಲೋಪವಾಗುವುದು ಆಡುಮಾತಿನ ಸಹಜ ಗುಣ. ಸಲಿಗೆಯಲ್ಲಿ ಅದು ಬಸ್ಯಾ, ಬಸು ಎಂದೂ ಆಗುತ್ತದೆ. ಹಳೆಯ ಮೈಸೂರಿನ ಕಡೆ ಬಸವಯ್ಯ, ಬಸವೇಗೌಡ, ಬಸವರಾಜು ಎಂಬ ರೂಪಗಳು ಹೆಚ್ಚು. ತೆಲುಗು ನಾಡಿನಲ್ಲಿ ಬಸವಯ್ಯ, ಬಸವರಾಜು ಎಂಬ ಗಂಡುಹೆಸರುಗಳ ಜೊತೆಗೆ ಬಸವಮ್ಮ, ಬಸವತಾರಕಂ ಎಂಬ ಹೆಣ್ಣುಹೆಸರುಗಳೂ ಉಂಟು. ಹೆಸರಿನ ಹಿಂದೆ ವಿಶೇಷಣವನ್ನು ಸೇರಿಸುವುದು ಇನ್ನೊಂದು ಬಗೆ. ಚೆನ್ನಬಸವ, ಗುರುಬಸವ, ಸಂಗನಬಸವ, ಶರಣಬಸವ, ಈರಬಸವ, ಕರಿಬಸವ, ಸಿದ್ಧಬಸವ ಮುಂತಾದುವು ಹೀಗೆ ಹುಟ್ಟಿದುವು.

ಹೆಸರಿನ ಪ್ರಸಾರ

ಬಸವಣ್ಣನವರ ಹೆಸರನ್ನು ಮುಂದಿನ ಪೀಳಿಗೆಗೆ ದಾಟಿಸಿದ ಮೊದಲ ಉದಾಹರಣೆಯನ್ನು ಪರಂಪರೆಯು ಅವರ ಮನೆಯಲ್ಲಿಯೇ ತೋರಿಸುತ್ತದೆ. ಸೋದರಮಾವನ ಹೆಸರಿಗೆ ‘ಚೆನ್ನ’ ಎಂಬ ವಿಶೇಷಣ ಸೇರಿ ಸೋದರಳಿಯನ ಹೆಸರಾಯಿತು. ಷಟ್‌ಸ್ಥಲ ಚಕ್ರವರ್ತಿಯೆನಿಸಿದ ಆ ಚೆನ್ನಬಸವಣ್ಣನನ್ನು ಕುರಿತು ವಿರೂಪಾಕ್ಷ ಪಂಡಿತನು 1584ರಲ್ಲಿ ‘ಚೆನ್ನಬಸವಪುರಾಣ’ವನ್ನು ರಚಿಸಿದನು. ಕಾಲಜ್ಞಾನದ ವಚನಗಳಿಂದ ಪ್ರಸಿದ್ಧನಾದ ಕೊಡೇಕಲ್ಲ ಬಸವಣ್ಣನು ಸುರಪುರ ಸೀಮೆಯಲ್ಲಿ ಬೇರೆಯೊಂದು ಪರಂಪರೆಗೆ ಮೂಲನಾದನು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ದಾಸೋಹದ ಜ್ಯೋತಿಯನ್ನು ಬೆಳಗಿದ ಶರಣಬಸವೇಶ್ವರರಿಂದ ಆ ಭಾಗದಲ್ಲಿ ಶರಣಬಸಪ್ಪ ಎಂಬ ಹೆಸರು ಮನೆಮನೆಗೆ ಬಂದಿತು. ಹೀಗೆ ಒಂದೊಂದು ಸೀಮೆಯ ಸಂತನು ಮೂಲ ಹೆಸರಿಗೆ ತನ್ನ ವಿಶೇಷಣವನ್ನು ಸೇರಿಸಿ ಅದನ್ನು ಹೊಸದಾಗಿ ಹರಡಿದನು.

ಅರಮನೆಯಲ್ಲಿಯೂ ಈ ಹೆಸರಿಗೆ ಸ್ಥಾನವಿದ್ದಿತು. ಕೆಳದಿಯ ಚೆನ್ನಮ್ಮಾಜಿಯ ದತ್ತುಪುತ್ರನಾಗಿ 1697ರಿಂದ 1714ರವರೆಗೆ ಆಳಿದ ಬಸವಪ್ಪನಾಯಕನು 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಮೈಸೂರಿನ ಆಸ್ಥಾನದಲ್ಲಿ ಅಭಿನವ ಕಾಳಿದಾಸನೆನಿಸಿದ ಬಸವಪ್ಪಶಾಸ್ತ್ರಿಗಳು (1843-1891) ಶಾಕುಂತಲವನ್ನು ಕನ್ನಡಕ್ಕೆ ತಂದರು. ತದ್ಭವದ ಹೆಸರನ್ನು ಹೊತ್ತ ಈ ಇಬ್ಬರೂ ಸಂಸ್ಕೃತದಲ್ಲಿ ಪ್ರವೀಣರಾಗಿದ್ದರೆಂಬುದು ನೆನೆಯತಕ್ಕ ಮಾತು.

ತಾತನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆಯೇ ಈ ನಾಮದ ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣ. ಒಂದು ಮನೆಯಲ್ಲಿ ಒಮ್ಮೆ ಬಸಪ್ಪನು ಹುಟ್ಟಿದರೆ ಒಂದು ತಲೆ ಬಿಟ್ಟು ಒಂದು ತಲೆಗೆ ಬಸಪ್ಪನು ಮರಳಿ ಬರುತ್ತಿದ್ದನು. ಅನೇಕ ಪ್ರಸಿದ್ಧರ ಹೆಸರಿನ ಮೊದಲಕ್ಷರಗಳಲ್ಲಿ ಬಸವನಾಮವು ಮರೆಯಾಗಿ ಕುಳಿತಿರುವುದನ್ನೂ ಕಾಣಬಹುದು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಲೋಕಕ್ಕೆ ಕೊಟ್ಟ ಫ. ಗು. ಹಳಕಟ್ಟಿಯವರ (1880-1964) ‘ಗು’ ಎಂದರೆ ಗುರುಬಸಪ್ಪ. ಅದು ಅವರ ತಂದೆಯ ಹೆಸರು. ಫಕೀರಪ್ಪ ಗುರುಬಸಪ್ಪ ಎಂಬಲ್ಲಿ ಅರಬ್ಬಿಯ ‘ಫಕೀರ’ನೂ ಕನ್ನಡದ ‘ಬಸವ’ನೂ ಒಂದೇ ಮನೆಯಲ್ಲಿ ತಂದೆಮಕ್ಕಳಾಗಿದ್ದಾರೆ. 1974ರಿಂದ 1979ರವರೆಗೆ ಭಾರತದ ಉಪರಾಷ್ಟ್ರಪತಿಗಳಾಗಿದ್ದ, 1977ರಲ್ಲಿ ಕೆಲಕಾಲ ರಾಷ್ಟ್ರಪತಿಗಳ ಕಾರ್ಯವನ್ನೂ ನಿರ್ವಹಿಸಿದ ಬಿ. ಡಿ. ಜತ್ತಿಯವರ 'ಬಿ' ಎಂದರೆ ಬಸಪ್ಪ. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದವರೂ ಅವರೇ. ಕಾದಂಬರಿಕಾರ ಬಸವರಾಜ ಕಟ್ಟೀಮನಿ (1919-1989), ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಮೊದಲಾದವರು ಸಾಹಿತ್ಯ ಸಂಗೀತಗಳಲ್ಲಿ ಈ ಹೆಸರನ್ನು ಬೆಳಗಿದರು.

ಈ ನಾಮವು ಒಂದು ಸಮುದಾಯದ ಗಡಿಯೊಳಗೆ ನಿಲ್ಲಲಿಲ್ಲವೆಂಬುದನ್ನು ಒತ್ತಿ ಹೇಳಬೇಕು. ದಲಿತ ಸಮುದಾಯದಿಂದ ಬಂದು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ತೊಡೆದುಹಾಕಲು ಮುಂದಾದವರು. ಕಾಯಕಕ್ಕೂ ಮನುಷ್ಯನ ಘನತೆಗೂ ಸಂಬಂಧವನ್ನು ಕಲ್ಪಿಸಿದವರ ಹೆಸರು, ಎಂಟು ಶತಮಾನಗಳ ಅನಂತರ ಅದೇ ಘನತೆಗಾಗಿ ಹೋರಾಡಿದವರೊಬ್ಬರ ಹೆಸರಾಗಿದ್ದಿತು. ಕುರುಬರಲ್ಲಿ, ಬೇಡನಾಯಕರಲ್ಲಿ, ಒಕ್ಕಲಿಗರಲ್ಲಿ ಬಸವ, ಬಸಪ್ಪ, ಬಸವೇಗೌಡರು ಎಷ್ಟೋ ಮಂದಿ. ಇದಕ್ಕೆ ಒಂದು ಕಾರಣ ಶಬ್ದದ ಮೂಲಾರ್ಥವೇ. ಎತ್ತು ಯಾವ ಜಾತಿಯದೂ ಅಲ್ಲ. ಹೊಲ ಉಳುವ ಎಲ್ಲರ ಮನೆಯದು. ಹೆಸರನ್ನು ಹೊತ್ತ ಮಹಾಪುರುಷರೂ ಹಾಗೆಯೇ ಎಲ್ಲರ ಮನೆಯವರಾಗಬಯಸಿದವರು. ಉತ್ತರದ ಹಳ್ಳಿಗಳಲ್ಲಿ ಬಸವ ಜಯಂತಿಯಂದು ರೈತರು ಬಸವಣ್ಣನವರ ಭಾವಚಿತ್ರದ ಜೊತೆಗೆ ತಮ್ಮ ಎತ್ತುಗಳನ್ನೂ ಪೂಜಿಸಿ ಮೆರೆಸುವುದುಂಟು. ವಿದ್ವಾಂಸರು ಬೇರ್ಪಡಿಸಲು ಶ್ರಮಿಸುವ ಎರಡು ಅರ್ಥಗಳನ್ನು ಒಕ್ಕಲುಮಗನು ಒಂದೇ ಮೆರವಣಿಗೆಯಲ್ಲಿ ನಡೆಸುತ್ತಾನೆ.

ತೊಟ್ಟಿಲಿನಿಂದ ಪೀಠಕ್ಕೆ

ಇಪ್ಪತ್ತನೆಯ ಶತಮಾನದಲ್ಲಿ ಈ ಹೆಸರಿಗೆ ಸಾರ್ವಜನಿಕ ಬಾಳು ಪ್ರಾರಂಭವಾಯಿತು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಕಲ್ಯಾಣವು ಬಸವಕಲ್ಯಾಣವಾಯಿತು, ಬಾಗೇವಾಡಿಯು ಬಸವನ ಬಾಗೇವಾಡಿಯಾಯಿತು. 2006ರಲ್ಲಿ ಭಾರತ ಸರ್ಕಾರವು ಬಸವಣ್ಣನವರ ಚಿತ್ರವುಳ್ಳ ನಾಣ್ಯಗಳನ್ನು ಹೊರತಂದಿತು. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ವೃತ್ತ, ಬೀದಿ, ಬಡಾವಣೆ, ವಿದ್ಯಾಲಯಗಳಿಗೆ ಇಟ್ಟ ಬಸವನಾಮಗಳಿಗಂತೂ ಲೆಕ್ಕವಿಲ್ಲ.

ಹೆಸರು ಹೀಗೆ ಪೀಠವನ್ನೇರುತ್ತಿರುವ ಕಾಲದಲ್ಲಿಯೇ ತೊಟ್ಟಿಲಿನಲ್ಲಿ ಅದು ಅಪರೂಪವಾಗುತ್ತಿದೆ. ಇಂದಿನ ತಂದೆತಾಯಿಗಳು, ವಿಶೇಷವಾಗಿ ನಗರವಾಸಿಗಳು, ಎರಡು ಮೂರಕ್ಷರಗಳ ನವೀನ ನಾಮಗಳನ್ನು ಅರಸುತ್ತಾರೆ. ಬಸಪ್ಪನೆಂಬುದು ಅಜ್ಜನ ಹೆಸರಾಗಿ, ಅಬ್ಬಬ್ಬಾ ಎಂದರೆ ಮೊದಲಕ್ಷರವಾಗಿ ಉಳಿಯುತ್ತದೆ. ವಿದ್ಯಾವಂತ ತರುಣರು ಹಳ್ಳಿಯ ಹೆಸರೆಂದು ಸಂಕೋಚಪಡುವುದೂ ಉಂಟು. ಹೊಸ ಹೆಸರುಗಳನ್ನು ಇಡುವುದರಲ್ಲಿ ತಪ್ಪೇನೂ ಇಲ್ಲ. ನಾಮಕರಣವು ತಂದೆತಾಯಿಗಳ ಪ್ರೀತಿಯ ಹಕ್ಕು. ಆದರೆ ಪ್ರತಿಮೆಗೆ ಹೂಮಾಲೆಯನ್ನು ಹಾಕುವ ಕೈಗಳು ಮನೆಯ ಮಗುವನ್ನು ಅದೇ ಹೆಸರಿನಿಂದ ಕರೆಯಲು ಹಿಂಜರಿಯುವುದಾದರೆ, ಆ ಹಿಂಜರಿಕೆಯ ಕಾರಣವನ್ನು ಕೇಳಿಕೊಳ್ಳಬೇಕಾಗುತ್ತದೆ. ಹಳ್ಳಿಯದೆಂಬ, ಎತ್ತಿನದೆಂಬ, ದುಡಿಯುವವರದೆಂಬ ಕಾರಣಕ್ಕಾಗಿ ಹೆಸರು ಬೇಡವಾಗುವುದಾದರೆ, ಶರಣರು ಯಾವುದನ್ನು ಎತ್ತಿಹಿಡಿದರೋ ಅದನ್ನೇ ಕೆಳಗಿಳಿಸಿದಂತಾಗುತ್ತದೆ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಒಕ್ಕಲುಮಗನ ಎತ್ತು, ಪುರಾಣದ ನಂದಿ, ವ್ಯಾಕರಣದ ವೃಷಭ, ಶರಣರ ಗುರು-ಲಿಂಗ-ಜಂಗಮ ಈ ನಾಲ್ಕೂ ಒಂದೇ ನಾಮದ ಕ್ರಮವಿಕಾಸ. ಭೂಮಿಯನ್ನು ಉಳುವ ಪ್ರಾಣಿಯಿಂದ ಹೊರಟ ಶಬ್ದವು ಒಬ್ಬ ಮನುಷ್ಯನ ನಡೆಯಿಂದ ತತ್ತ್ವದ ಎತ್ತರಕ್ಕೆ ಏರಿತು. ಏರಿದ ಮೇಲೆಯೂ ಅಣ್ಣ, ಅಪ್ಪ, ಅಯ್ಯ ಎಂಬ ಮನೆಯ ಮಾತನ್ನು ಬಿಡಲಿಲ್ಲ. ಎಂಟು ಶತಮಾನಗಳ ಕಾಲ ಅದನ್ನು ಉಳಿಸಿದುದು ತಾಯಂದಿರು ಹೊಸ್ತಿಲಲ್ಲಿ ನಿಂತು ಮಗನನ್ನು ಕೂಗಿ ಕರೆದ ಕರೆ. ಮಕ್ಕಳಿಗೆ ಈ ಹೆಸರನ್ನು ಇಡುವವರೂ, ಅಜ್ಜನಿಂದ ಪಡೆದು ಹೊತ್ತಿರುವವರೂ ಅದರ ಅರ್ಥವನ್ನು ತಿಳಿದು ಮಕ್ಕಳಿಗೆ ತಿಳಿಸಿದರೆ, ಬಸವನಾಮವು ಕಲ್ಲಿನ ಮೇಲಿನ ಅಕ್ಷರವಾಗಿ ಮಾತ್ರ ನಿಲ್ಲದೆ ಮುಂದಿನ ಪೀಳಿಗೆಯ ಬಾಯಲ್ಲಿಯೂ ಬಾಳಿನಲ್ಲಿಯೂ ಉಳಿದೀತು.